ಮಿದುಳುಪೊರೆಯ ಉರಿಯೂತ: ಹದಿಹರೆಯದವರಿಗೆ ಲಸಿಕೆ ಏಕೆ?

ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ತೆಳುಪೊರೆಗಳು ಸೋಂಕಿನಿಂದ ಊದಿಕೊಳ್ಳುವ ಸ್ಥಿತಿಯನ್ನು ವೈದ್ಯರು ಮೆನಿಂಜೈಟಿಸ್ ಎನ್ನುತ್ತಾರೆ. ವೈರಸ್‌ನಿಂದ ಬರುವ ಬಗೆ ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಬ್ಯಾಕ್ಟೀರಿಯಾದಿಂದ ಬರುವುದಾದರೋ ಒಂದೇ ದಿನದೊಳಗೆ ಪ್ರಾಣಕ್ಕೆ ಎರವಾಗಬಲ್ಲದು, ಬದುಕಿ ಉಳಿದವರ ಪೈಕಿಯೂ ಸುಮಾರು ಐವರಲ್ಲಿ ಒಬ್ಬರಿಗೆ ಕಿವುಡುತನ, ಮೂರ್ಛೆಯಂತಹ ತೊಂದರೆಗಳು ಶಾಶ್ವತವಾಗಿ ಉಳಿಯುತ್ತವೆ.

ಇದಕ್ಕೆ ಮುಖ್ಯ ಕಾರಣವಾದ ಮೂರು ಬ್ಯಾಕ್ಟೀರಿಯಾಗಳಲ್ಲಿ ಎರಡರ ವಿರುದ್ಧ ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಉಚಿತ ರಕ್ಷಣೆ ಕೊಡುತ್ತದೆ. 6, 10 ಮತ್ತು 14ನೇ ವಾರಗಳಲ್ಲಿ ಹಾಕುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಹಿಬ್ ರೋಗಾಣುವಿನ ವಿರುದ್ಧದ ಅಂಶ ಸೇರಿದೆ. ನ್ಯೂಮೊಕಾಕಸ್ ಲಸಿಕೆ 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ತಾಯಿ ಕಾರ್ಡಿನಲ್ಲಿ ಇವೆರಡೂ ದಾಖಲಾಗಿರುತ್ತವೆ. ಮೂರನೆಯದಾದ ಮೆನಿಂಗೊಕಾಕಸ್‌ನ ಲಸಿಕೆ ಮಾತ್ರ ಈ ಕಾರ್ಯಕ್ರಮದಲ್ಲಿಲ್ಲ.

ಮೆನಿಂಗೊಕಾಕಸ್‌ಗೆ ಮನುಷ್ಯನ ಮೂಗು, ಗಂಟಲುಗಳ ಹೊರತು ಬೇರೆ ನೆಲೆಯಿಲ್ಲ. ಅಲ್ಲಿ ಅದು ಯಾವ ತೊಂದರೆಯನ್ನೂ ಕೊಡದೆ ತಂಗಿದ್ದು, ಕೆಮ್ಮು, ಸೀನು, ಎಂಜಲಿನ ಮೂಲಕ ಹತ್ತಿರದವರಿಗೆ ದಾಟುತ್ತದೆ. ಹೀಗೆ ಅರಿವಿಲ್ಲದೆ ಅದನ್ನು ಹೊತ್ತು ತಿರುಗುವವರಲ್ಲಿ ಹದಿಹರೆಯದವರ ಪಾಲೇ ದೊಡ್ಡದೆಂದು ಯುರೋಪಿನ ಅಧ್ಯಯನಗಳು ತೋರಿಸಿವೆ. ಬ್ರಿಟನ್ನಿನಲ್ಲಿ 1999ರ ನವೆಂಬರ್‌ನಿಂದ ಮೆನಿಂಗೊಕಾಕಸ್‌ನ ‘ಸಿ’ ಗುಂಪಿನ ಸಂಯುಗ್ಮ ಲಸಿಕೆಯನ್ನು, ಅಂದರೆ ರೋಗಾಣುವಿನ ಸಕ್ಕರೆಯ ಹೊದಿಕೆಯನ್ನು ಪ್ರೋಟೀನಿಗೆ ಜೋಡಿಸಿ ಮಾಡಿದ ಲಸಿಕೆಯನ್ನು, ಶಿಶುಗಳ ಜೊತೆಗೆ ಹದಿಹರೆಯದವರಿಗೂ ಹಾಕಿದಾಗ ರೋಗಾಣುವನ್ನು ಗಂಟಲಲ್ಲಿ ಹೊತ್ತವರ ಸಂಖ್ಯೆಯೇ ಕುಸಿದು, ಲಸಿಕೆ ಪಡೆಯದವರಲ್ಲಿಯೂ ರೋಗ ಇಳಿಯಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ‘ಎ’ ಗುಂಪಿನ ಲಸಿಕೆಯನ್ನು 2010ರಲ್ಲಿ ಬುರ್ಕಿನಾ ಫಾಸೊದಿಂದ ಆರಂಭಿಸಿ ಆಫ್ರಿಕಾದಲ್ಲಿ 1ರಿಂದ 29 ವರ್ಷದವರಿಗೆ ಹಾಕಿದ್ದರ ಹಿಂದೆಯೂ ಇದೇ ತರ್ಕವಿತ್ತು. ಅಲ್ಲಿ ‘ಎ’ ಗುಂಪಿನ ಸೋಂಕು ಹೆಚ್ಚುಕಡಿಮೆ ಕಣ್ಮರೆಯಾಗಿದೆ. ‘ಬಿ’ ಗುಂಪಿನ ಲಸಿಕೆಗೆ ಮಾತ್ರ ಹೀಗೆ ಪಡೆಯದವರನ್ನೂ ಕಾಯುವ ಗುಣವಿಲ್ಲ: ದಕ್ಷಿಣ ಆಸ್ಟ್ರೇಲಿಯಾದ ವಿದ್ಯಾರ್ಥಿಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯ ಪ್ರಕಾರ, ಅದು ಗಂಟಲಿನಲ್ಲಿ ರೋಗಾಣು ನೆಲೆಸುವುದನ್ನು ತಗ್ಗಿಸುವುದಿಲ್ಲ, ಆದ್ದರಿಂದ ಅದರ ರಕ್ಷಣೆ ಪಡೆದವರಿಗಷ್ಟೇ ಸೀಮಿತ.

ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಹಾಸ್ಟೆಲ್ ಸೇರುವವರಿಂದ ಎ, ಸಿ, ಡಬ್ಲ್ಯು, ವೈ ಎಂಬ ನಾಲ್ಕು ಗುಂಪುಗಳ ಲಸಿಕೆಯ ಪ್ರಮಾಣಪತ್ರವನ್ನು ಕೇಳುವುದರಿಂದ, ಓದಲು ಹೊರಡುವ ಕರ್ನಾಟಕದ ವಿದ್ಯಾರ್ಥಿಗಳಿಗೆ ಇದರ ಹೆಸರು ಮೊದಲು ಕಿವಿಗೆ ಬೀಳುವುದು ಪ್ರಯಾಣದ ತಯಾರಿಯ ವೇಳೆಗೇ. ಹಜ್ ಯಾತ್ರಿಕರಿಗೂ ಇದು ಕಡ್ಡಾಯ. ಸೌದಿ ಅರೇಬಿಯಾ ತಲುಪುವ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡಿರಬೇಕು.

ತೀವ್ರ ಜ್ವರ, ತಲೆನೋವು, ವಾಂತಿ, ಕತ್ತು ಬಗ್ಗಿಸಲಾಗದಂತಹ ಬಿಗಿತ, ಬೆಳಕಿಗೆ ಕಣ್ಣು ಬಿಡಲಾಗದಿರುವುದು, ಮಂಪರು ಇವು ರೋಗದ ಲಕ್ಷಣಗಳು; ಶಿಶುಗಳಲ್ಲಿ ನೆತ್ತಿ ಉಬ್ಬುವುದು, ಹಾಲು ಬಿಡುವುದು ಕಾಣಬಹುದು. ರೋಗಾಣು ರಕ್ತಕ್ಕೆ ಸೇರಿದಾಗ ಕೆಲವೊಮ್ಮೆ ಏಳುವ ಕೆನ್ನೀಲಿ ಕಲೆಗಳು, ಗಾಜಿನ ಲೋಟವನ್ನು ಒತ್ತಿ ನೋಡಿದರೂ ಮಾಸುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಅವನ್ನು ಅಂಗೈ, ಅಂಗಾಲು, ಕಣ್ಣುರೆಪ್ಪೆಯ ಒಳಭಾಗಗಳಲ್ಲಿ ಹುಡುಕಬೇಕು. ಕಲೆಗಾಗಿ ಕಾಯುತ್ತ ಮನೆಯಲ್ಲೇ ಉಳಿಯುವುದು ಅಪಾಯ.

ಆಸ್ಪತ್ರೆಯಲ್ಲಿ ರೋಗ ಪತ್ತೆಗಾಗಿ ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆಗೆ ಅನೇಕ ಕುಟುಂಬಗಳು ಲಕ್ವ ಹೊಡೆದೀತೆಂಬ ಭಯದಿಂದ ಹಿಂಜರಿಯುತ್ತವೆ. ಆದರೆ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ, ಸೂಜಿಯನ್ನು ಚುಚ್ಚುವುದು ಅದಕ್ಕೂ ಕೆಳಗೆ. ಯಾವ ರೋಗಾಣು, ಅದಕ್ಕೆ ಯಾವ ಆಂಟಿಬಯಾಟಿಕ್ ಎಂಬುದನ್ನು ಖಚಿತಪಡಿಸಲು ಆ ದ್ರವವೇ ಮುಖ್ಯ ಆಧಾರ. ಮೆನಿಂಗೊಕಾಕಸ್ ಎಂದು ತಿಳಿದ ಕೂಡಲೇ ರೋಗಿಯ ಮನೆಯವರಿಗೂ ಒಂದೇ ಕೋಣೆಯಲ್ಲಿ ಮಲಗುವ ಸಹಪಾಠಿಗಳಿಗೂ, ಅವರು ಮೊದಲೇ ಲಸಿಕೆ ಪಡೆದಿದ್ದರೂ, ಮುನ್ನೆಚ್ಚರಿಕೆಯ ಆಂಟಿಬಯಾಟಿಕ್ ಕೊಡಲಾಗುತ್ತದೆ.