ಶಾಲಾಮಕ್ಕಳ ತಲೆಯಲ್ಲಿ ಹೇನು

ಜೂನ್ ತಿಂಗಳಲ್ಲಿ ಶಾಲೆಗಳು ಪ್ರಾರಂಭವಾಗಿ ಕೆಲವು ವಾರಗಳು ಕಳೆಯುವಷ್ಟರಲ್ಲಿ, ಪಾಠ ಓದುತ್ತ ಕುಳಿತ ಮಗಳು ಎರಡೂ ಕೈಗಳಿಂದ ತಲೆ ಕೆರೆದುಕೊಳ್ಳುವುದನ್ನು ಅನೇಕ ತಾಯಂದಿರು ಕಾಣುತ್ತಾರೆ. ವಿಷಯ ಚಿಕ್ಕದೇ. ಆದರೆ ನೆರೆಮನೆಯವರೆದುರು ಅದನ್ನು ಆಡಲು ನಾವು ಸಂಕೋಚಪಡುತ್ತೇವೆ. ಆ ಸಂಕೋಚದ ಮರೆಯಲ್ಲಿಯೇ ಹೇನು ಮನೆಯಿಂದ ಮನೆಗೆ ಸಾಗುತ್ತಿರುತ್ತದೆ.

ಕೊಳಕು ಮನೆಯ ಮಕ್ಕಳಿಗೆ ಮಾತ್ರ ಹೇನಾಗುತ್ತದೆಂಬ ಮಾತು ನಿಜವಲ್ಲ. ನಿತ್ಯವೂ ಸ್ನಾನ ಮಾಡುವ ಮಗುವಿನ ತಲೆಗೂ ಅದು ಅಷ್ಟೇ ಸುಲಭವಾಗಿ ಏರುತ್ತದೆ. ನೀರು ಹೊಯ್ದರೆ ಸಾಯುವ ಜೀವಿಯೂ ಅದಲ್ಲ. ಹೇನಿಗೆ ರೆಕ್ಕೆಯಿಲ್ಲ, ಅದು ಜಿಗಿಯಲಾರದು. ಕೇವಲ ತೆವಳಿಕೊಂಡು, ಒಂದು ತಲೆ ಮತ್ತೊಂದಕ್ಕೆ ತಾಗಿದಾಗ ದಾಟುತ್ತದೆ. ಒಂದೇ ಪುಸ್ತಕದ ಮೇಲೆ ಬಾಗಿ ಓದುವ ಗೆಳತಿಯರು, ಜಾತ್ರೆಗೆ ಬಂದು ಒಂದೇ ಜಮಖಾನದ ಮೇಲೆ ಮಲಗುವ ಬಂಧುಗಳ ಮಕ್ಕಳು, ಮೊಮ್ಮಗಳನ್ನು ತಬ್ಬಿ ಮಲಗುವ ಅಜ್ಜಿ, ಇವರೆಲ್ಲರ ಪ್ರೀತಿಯೇ ಅದಕ್ಕೆ ದಾರಿ. ಆದುದರಿಂದ ಹೇನಾದ ಹುಡುಗಿಯನ್ನು ತರಗತಿಯಲ್ಲಿ ಬೇರೆ ಕೂರಿಸುವುದು, ಶಾಲೆ ಬಿಡಿಸುವುದು, ಅವಳು ಅಳುತ್ತಿರುವಾಗ ಜಡೆ ಕತ್ತರಿಸುವುದು ನಮಗೆ ಸರಿಯೆನಿಸುವುದಿಲ್ಲ. ಹೇನು ಕೆಲವು ವಾರಗಳಲ್ಲಿ ಹೋಗುತ್ತದೆ. ಅವಮಾನ ಬಹುಕಾಲ ಉಳಿಯುತ್ತದೆ.

ಬೆಳೆದ ಹೇನು ಎಳ್ಳಿನ ಕಾಳಿನಷ್ಟು, ಅಂದರೆ 2ರಿಂದ 3 ಮಿಲಿಮೀಟರ್ ಇರುತ್ತದೆ. ಅದರ ತತ್ತಿಯೇ ಸೀರು. ಹೆಣ್ಣು ಹೇನು ದಿನಕ್ಕೆ ಹಲವು ತತ್ತಿಗಳನ್ನಿಟ್ಟು, ನೆತ್ತಿಯ ಬಳಿಯಲ್ಲಿಯೇ ಕೂದಲಿಗೆ ಅಂಟಿಸುತ್ತದೆ. ಏಳರಿಂದ ಹತ್ತು ದಿನಗಳಲ್ಲಿ ಸೀರು ಒಡೆದು ಮರಿಯಾಗುತ್ತದೆ. ಮುಂದೆ ಹತ್ತು ಹನ್ನೆರಡು ದಿನಗಳಲ್ಲಿ ಅದೂ ತತ್ತಿಯಿಡಲು ಸಿದ್ಧ. ಈ ಲೆಕ್ಕವನ್ನು ಅರಿಯದೆ ಒಂದೇ ದಿನ ಔಷಧಿ ಹಚ್ಚಿ ಕೈತೊಳೆದುಕೊಳ್ಳುವುದರಿಂದಲೇ ಹೇನು ಮರಳಿ ಮರಳಿ ಬರುತ್ತದೆ. ತಲೆಯಿಂದ ಕೆಳಗೆ ಬಿದ್ದ ಹೇನಾದರೋ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಹಾಸಿಗೆ, ಹೊದಿಕೆ, ಟವೆಲುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು.

ನಮ್ಮ ಅಜ್ಜಿಯರ ಸೀರಣಿಗೆಯನ್ನು ಮೀರಿದ ಉಪಕರಣ ಇಂದಿಗೂ ವಿರಳ. ತಲೆಗೆ ಚೆನ್ನಾಗಿ ಕೊಬ್ಬರಿ ಎಣ್ಣೆ ಹಚ್ಚಿ, ಅಥವಾ ತಲೆಸ್ನಾನದ ಬಳಿಕ ಕೂದಲು ಒದ್ದೆಯಿರುವಾಗಲೇ, ಸಿಕ್ಕು ಬಿಡಿಸಿ, ಸ್ವಲ್ಪ ಸ್ವಲ್ಪವೇ ಭಾಗ ಮಾಡಿಕೊಂಡು, ಬುಡದಿಂದ ತುದಿಯವರೆಗೆ ಎಳೆಯಬೇಕು. ಪ್ರತಿ ಎಳೆತಕ್ಕೂ ಹಣಿಗೆಯನ್ನು ಬಿಳಿಯ ಬಟ್ಟೆಗೆ ಒರೆಸಿ ನೋಡಬೇಕು. ಕಿವಿಯ ಹಿಂದೆ ಮತ್ತು ಹಿಂಗತ್ತಿನ ಮೇಲೆ ವಿಶೇಷ ಗಮನವಿರಲಿ. ಹೇನಿಗೆ ಪ್ರಿಯವಾದ ಸ್ಥಳಗಳವು. ಸೋಮವಾರ ಪ್ರಾರಂಭಿಸಿದರೆ ಶುಕ್ರವಾರ, ಮರುವಾರದ ಮಂಗಳವಾರ, ಶನಿವಾರ ಹೀಗೆ ಎರಡು ವಾರ ಬಿಡದೆ ಬಾಚಬೇಕು. ಬೇಸರದ ಕೆಲಸ, ಹೌದು. ಮಗುವಿಗೆ ಕಥೆ ಹೇಳುತ್ತ ಮಾಡಿದರೆ ಇಬ್ಬರಿಗೂ ಹಗುರವಾಗುತ್ತದೆ.

ಬಾಚಿದ ಮೇಲೂ ಹೇನು ಉಳಿದರೆ ವೈದ್ಯರ ಸಲಹೆಯಂತೆ ಶೇಕಡಾ 1ರ ಪರ್ಮೆಥ್ರಿನ್ ದ್ರಾವಣ ಬಳಸಬಹುದು. ತೊಳೆದು ಒರೆಸಿದ ಕೂದಲಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಸೀರುಗಳೆಲ್ಲ ಒಮ್ಮೆಗೇ ಸಾಯದ ಕಾರಣ ಒಂಬತ್ತನೆಯ ದಿನದ ಸುಮಾರಿಗೆ ಮತ್ತೊಮ್ಮೆ ಹಚ್ಚುವುದು ವಾಡಿಕೆ. ಅದಕ್ಕೂ ಜಗ್ಗದ ಹೇನುಗಳು ಇಂದು ಅನೇಕ ಕಡೆ ಇವೆ. ಆಗ ಬೇರೆ ಔಷಧಿಯನ್ನು ವೈದ್ಯರೇ ಸೂಚಿಸಬೇಕು. ಒಂದು ಕಾಲಕ್ಕೆ ಬಹಳ ಬಳಕೆಯಲ್ಲಿದ್ದ ಲಿಂಡೇನ್ ಎಂಬುದು ನರಮಂಡಲಕ್ಕೆ ಅಪಾಯಕಾರಿಯೆಂದು ಅಮೆರಿಕೆಯ ಔಷಧ ನಿಯಂತ್ರಣ ಸಂಸ್ಥೆ 2003ರಲ್ಲಿ ತೀವ್ರ ಎಚ್ಚರಿಕೆ ನೀಡಿತು. ಹಳೆಯ ಸೀಸೆ ಮನೆಯಲ್ಲಿದ್ದರೆ ಅದನ್ನು ಮಕ್ಕಳಿಗೆ ಹಚ್ಚಬಾರದು.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಮಗುವಿನ ತಲೆಗೆ ಎಂದಿಗೂ ಸೋಂಕಿಸಬಾರದು. ಅದು ನೆತ್ತಿಯ ಚರ್ಮದ ಮೂಲಕವೇ ರಕ್ತ ಸೇರಿ ಪ್ರಾಣಕ್ಕೆ ಎರವಾಗಬಲ್ಲದು. ಸೀಮೆಎಣ್ಣೆ ಹಚ್ಚಿದ ತಲೆಗೆ ಒಲೆಯ ಕಿಡಿಯೊಂದು ಸಾಕು. ಸೀತಾಫಲದ ಬೀಜ ಅರೆದು ಹಚ್ಚುವ ಪದ್ಧತಿ ಹಲವು ಹಳ್ಳಿಗಳಲ್ಲಿದೆ. ಅದು ಹೇನನ್ನು ಕೊಲ್ಲುವುದು ನಿಜ, ಆದರೆ ಕಣ್ಣಿಗೆ ತಾಗಿದರೆ ಕರಿಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ಹಿರಿಯರು ಮಾಡಿದ್ದೆಂಬ ಮಾತ್ರಕ್ಕೆ ಎಲ್ಲವನ್ನೂ ಮುಂದುವರಿಸಬೇಕಿಲ್ಲ.

ತಲೆಯ ಹೇನು ಬೇರೆ ರೋಗಗಳನ್ನು ಹರಡುವುದಿಲ್ಲ. ಕೆರೆದ ಗಾಯ ಕೀವಾಗಿ, ಕತ್ತಿನ ಹಿಂದೆ ಗಂಟು ಕಟ್ಟಿ ಜ್ವರ ಬಂದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಒಬ್ಬರಲ್ಲಿ ಹೇನು ಕಂಡರೆ ಮನೆಯವರೆಲ್ಲರ ತಲೆಯನ್ನೂ ಅಂದೇ ನೋಡಿ, ಇದ್ದವರೆಲ್ಲರಿಗೂ ಒಂದೇ ದಿನ ಚಿಕಿತ್ಸೆ ಮಾಡತಕ್ಕದ್ದು. ಹೆಣ್ಣುಮಕ್ಕಳ ವಸತಿನಿಲಯಗಳಲ್ಲಿಯೂ ಇದೇ ಕ್ರಮ ಬೇಕು. ರಜೆ ಮುಗಿಸಿ ಬಂದ ಮೊದಲ ವಾರದಲ್ಲಿಯೇ ಪ್ರತಿಯೊಬ್ಬರ ತಲೆಯನ್ನೂ, ಒಬ್ಬೊಬ್ಬರನ್ನೇ ಕರೆದು ಏಕಾಂತದಲ್ಲಿ ಪರೀಕ್ಷಿಸಿ, ಪ್ರತಿ ಹುಡುಗಿಗೂ ಅವಳದೇ ಹಣಿಗೆ, ಅವಳದೇ ಟವೆಲು ಇರುವಂತೆ ನಿಲಯಪಾಲಕಿಯರು ನೋಡಿಕೊಳ್ಳಬಹುದು. ಶಾಲೆಗೆ ಹೋಗುವಾಗ ಉದ್ದ ಕೂದಲನ್ನು ಬಿಗಿಯಾಗಿ ಹೆಣೆದು ಎತ್ತಿ ಕಟ್ಟಿದರೆ ಹೇನು ದಾಟುವ ಸಂಭವ ಕಡಿಮೆಯಾಗುತ್ತದೆ.