ಕೀಲಿಮಣೆಯಿಂದಲೇ ಪಠ್ಯಭಾಗದ ಆಯ್ಕೆ: ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಶಿಕ್ಷಕರಿಗೆ

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಅನೇಕ ವೇಳೆ ಶಿಕ್ಷಕರೇ ಬೆರಳಚ್ಚು ಮಾಡಬೇಕಾಗುತ್ತದೆ. ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನ ಮೂಲಪ್ರಶ್ನೆಯನ್ನು ತೆರೆಯ ಮೇಲಿಟ್ಟುಕೊಂಡು, ಅದರ ಕೆಳಗೆ ಕನ್ನಡ ರೂಪವನ್ನು ಬರೆದು, ಕೊನೆಗೆ ಮೂಲವನ್ನು ಅಳಿಸುವುದು ಸುಲಭವಾದ ಕ್ರಮ. ಆದರೆ ಮೌಸನ್ನು ಎಳೆದು ಆಯ್ಕೆ ಮಾಡುವಾಗ ಕೈ ತುಸು ಜಾರಿದರೂ ಮುಂದಿನ ಪ್ರಶ್ನೆಯ ಮೊದಲ ಸಾಲು ಅದರೊಡನೆ ಹೋಗಿಬಿಡುತ್ತದೆ. ಅರ್ಧ ಪ್ರಶ್ನೆಗೆ ಉತ್ತರ ಬರೆಯುವ ಸಂಕಟ ಮಗುವಿನದು. ಕೀಲಿಮಣೆಯ ಆಯ್ಕೆ ಈ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ಮೂಲಸೂತ್ರ ಒಂದೇ. ಕರ್ಸರನ್ನು ಚಲಿಸುವ ಯಾವ ಕೀಲಿಯೇ ಆಗಲಿ, ಶಿಫ್ಟ್ ಒತ್ತಿ ಹಿಡಿದು ಬಳಸಿದರೆ, ಸಾಗಿದ ದಾರಿಯಷ್ಟೂ ಆಯ್ಕೆಯಾಗುತ್ತದೆ. ಶಿಫ್ಟ್ ಮತ್ತು ಬಾಣದ ಕೀಲಿ ಒಂದೊಂದೇ ಅಕ್ಷರವನ್ನು, ಶಿಫ್ಟ್ ಮತ್ತು ಎಂಡ್ ಸಾಲಿನ ಕೊನೆಯವರೆಗೆ, ಕಂಟ್ರೋಲ್, ಶಿಫ್ಟ್ ಮತ್ತು ಬಲಬಾಣ ಒಂದು ಪದವನ್ನು, ಕಂಟ್ರೋಲ್, ಶಿಫ್ಟ್ ಮತ್ತು ಕೆಳಬಾಣ ಪ್ಯಾರಾದ ಕೊನೆಯವರೆಗೆ ಹಿಡಿಯುತ್ತವೆ. ಕಾಸರಗೋಡಿನ ಶಾಲೆಗಳ ಉಬುಂಟು ಗಣಕದಲ್ಲಿರುವ ಲಿಬ್ರೆ ಆಫೀಸ್ ರೈಟರಿಗೂ ಮೈಕ್ರೋಸಾಫ್ಟ್ ವರ್ಡಿಗೂ ಇವು ಸಮಾನ. ಆಯ್ಕೆ ಹೆಚ್ಚಾಯಿತೆಂದು ಕಂಡರೆ ಶಿಫ್ಟನ್ನು ಬಿಡದೆ ಎಡಬಾಣ ಒತ್ತಿದರಾಯಿತು, ತುದಿ ಹಿಂದೆ ಸರಿಯುತ್ತದೆ.

ಕನ್ನಡದಲ್ಲಿ ಇದಕ್ಕೆ ಎರಡು ವಿಶೇಷಗಳಿವೆ. ಒಂದು, ನಮ್ಮ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಇರುತ್ತವೆ. ‘ಶಾಲೆಯಲ್ಲಿ’ ಎಂಬುದು ಗಣಕಕ್ಕೆ ಒಂದೇ ಪದ. ಪದದ ಆಯ್ಕೆಯಿಂದ ಅದನ್ನು ಹಿಡಿದು ‘ಊರು’ ಎಂದು ಬರೆದರೆ ಸಪ್ತಮಿಯೂ ಹೋಗುತ್ತದೆ. ಪ್ರಕೃತಿಯನ್ನಷ್ಟೇ ಹಿಡಿದು ಬದಲಾಯಿಸಿದರೆ ‘ಊರುಯಲ್ಲಿ’ ಎಂಬ ವಿಕಾರರೂಪ ಉಳಿಯುತ್ತದೆ. ಆದ್ದರಿಂದ ಇಡೀ ಪದವನ್ನೇ ಆಯ್ದು ‘ಊರಿನಲ್ಲಿ’ ಎಂದು ಹೊಸದಾಗಿ ಬರೆಯುವುದೇ ಲೇಸು. ಪದದ ಆಯ್ಕೆ ಅದರ ಮುಂದಿನ ಖಾಲಿ ಜಾಗವನ್ನೂ ಒಳಗೊಳ್ಳುವುದುಂಟು. ಬದಲಿ ಪದದ ನಂತರ ಜಾಗ ಬಿಡಲು ಮರೆಯಬಾರದು.

ಎರಡು, ಒತ್ತಕ್ಷರ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರವಾದರೂ ಯೂನಿಕೋಡಿನಲ್ಲಿ 6 ಸಂಕೇತಗಳ ಸಾಲು. ಕೆಲವು ತಂತ್ರಾಂಶಗಳಲ್ಲಿ ಬಾಣವನ್ನು ಒಮ್ಮೆ ಒತ್ತಿದರೆ ಇಡೀ ಅಕ್ಷರ ದಾಟುತ್ತದೆ, ಕೆಲವುಗಳಲ್ಲಿ ಎರಡು ಮೂರು ಬಾರಿ ಒತ್ತಬೇಕು. ನಡುವೆ ನಿಲ್ಲಿಸಿ ಅಳಿಸಿದರೆ ಅಕ್ಷರ ಒಡೆಯುತ್ತದೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅಲ್ಲಿ ಅಕ್ಷರಗಳು ರೋಮನ್ ಚಿಹ್ನೆಗಳ ಸ್ಥಾನದಲ್ಲಿ ಕುಳಿತಿರುವುದರಿಂದ ಪದದ ಆಯ್ಕೆಯೂ ಪದಮಧ್ಯದಲ್ಲೇ ನಿಲ್ಲಬಹುದು. ಅಂಥ ಕಡತವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಂಡೇ ಕೆಲಸಕ್ಕೆ ತೊಡಗಬೇಕೆಂಬುದು ನನ್ನ ಅಭಿಪ್ರಾಯ.

ವರ್ಡ್ ಬಳಸುವವರು ಎಫ್ 8 ಕೀಲಿಯನ್ನು ಅವಶ್ಯವಾಗಿ ಕಲಿಯಬೇಕು. ಒಮ್ಮೆ ಒತ್ತಿದರೆ ಆಯ್ಕೆಯ ಸ್ಥಿತಿ ಆರಂಭ, ಎರಡನೆಯ ಬಾರಿಗೆ ಪದ, ಮೂರನೆಯ ಬಾರಿಗೆ ವಾಕ್ಯ, ನಾಲ್ಕನೆಯ ಬಾರಿಗೆ ಪ್ಯಾರಾ. ಒಮ್ಮೆ ಒತ್ತಿ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದರೆ ಮುಂದಿನ ಪ್ರಶ್ನಾರ್ಥಕದವರೆಗೆ ಆಯ್ಕೆ ಸಾಗುತ್ತದೆ. ಪ್ರಶ್ನೆಪತ್ರಿಕೆಗೆ ಇದಕ್ಕಿಂತ ಅನುಕೂಲವಾದುದು ಇನ್ನಾವುದು? ಎಸ್ಕೇಪ್ ಒತ್ತಿ ಆ ಸ್ಥಿತಿಯಿಂದ ಹೊರಬರಬಹುದು. ರೈಟರಿನಲ್ಲಿಯೂ ಎಫ್ 8 ಉಂಟು, ಆದರೆ ಅಲ್ಲಿ ಬಾಣದ ಕೀಲಿಗಳಿಂದಲೇ ಆಯ್ಕೆಯನ್ನು ಬೆಳೆಸಬೇಕು.

ಸಾಲುಗಳ ಆರಂಭದಲ್ಲಿ ಕೈಯಿಂದ ಬರೆದ ಕ್ರಮಸಂಖ್ಯೆಗಳನ್ನಷ್ಟೇ ತೆಗೆಯಬೇಕಾದಾಗ ಕಂಟ್ರೋಲ್, ಶಿಫ್ಟ್ ಮತ್ತು ಎಫ್ 8 ಒತ್ತಿ, ಬಾಣಗಳಿಂದ ಲಂಬವಾದ ಕಂಬದಂತೆ ಆಯ್ಕೆ ಮಾಡಬಹುದು. ಇದು ಎರಡೂ ತಂತ್ರಾಂಶಗಳಲ್ಲಿದೆ. ಕನ್ನಡ ಅಕ್ಷರಗಳ ಅಗಲ ಸಮನಲ್ಲದ ಕಾರಣ ಸಾಲಿನ ನಡುವೆ ಈ ಕಂಬ ಅಕ್ಷರಗಳನ್ನು ಸೀಳಿಬಿಡುತ್ತದೆ. ಸಂಖ್ಯೆಯ ನಂತರ ಟ್ಯಾಬ್ ಕೊಟ್ಟಿದ್ದರೆ ಮಾತ್ರ ಅಚ್ಚುಕಟ್ಟು. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್ 8ರೊಡನೆ ಎಫ್‌ಎನ್ ಕೀಲಿಯನ್ನೂ ಒತ್ತಬೇಕು.

ಪ್ರಶ್ನೆಗಳ ಕ್ರಮವನ್ನಷ್ಟೇ ಬದಲಿಸುವುದಾದರೆ ಆಯ್ಕೆಯೂ ಬೇಡ. ವರ್ಡಿನಲ್ಲಿ ಆಲ್ಟ್, ಶಿಫ್ಟ್ ಮತ್ತು ಮೇಲಿನ ಅಥವಾ ಕೆಳಗಿನ ಬಾಣ, ಕರ್ಸರ್ ಇರುವ ಪ್ಯಾರಾವನ್ನೇ ಎತ್ತಿ ಸರಿಸುತ್ತದೆ. ಸ್ವಯಂಚಾಲಿತ ಕ್ರಮಸಂಖ್ಯೆಯಿದ್ದರೆ ಅದೂ ತಾನೇ ಸರಿಹೊಂದುತ್ತದೆ.

ದೃಷ್ಟಿಮಾಂದ್ಯವುಳ್ಳ ಶಿಕ್ಷಕರಿಗೆ ಈ ಕೀಲಿಗಳು ಅನುಕೂಲ ಮಾತ್ರವಲ್ಲ, ಅನಿವಾರ್ಯ. ಎನ್‌ವಿಡಿಎ, ಉಬುಂಟುವಿನ ಓರ್ಕಾ ಮೊದಲಾದ ತೆರೆವಾಚಕಗಳು ಆಯ್ಕೆಯಾದ ಭಾಗವನ್ನು ಓದಿ ಹೇಳುತ್ತವೆ.

ಆಯ್ಕೆ ಉಳಿದಿರುವಾಗ ಅಕ್ಷರದ ಯಾವ ಕೀಲಿ ತಗಲಿದರೂ ಆಯ್ದ ಭಾಗವೆಲ್ಲ ಅಳಿದು ಆ ಒಂದಕ್ಷರ ಮಾತ್ರ ಉಳಿಯುತ್ತದೆ. ಆಗ ಬೇರೇನನ್ನೂ ಮುಟ್ಟದೆ ಕಂಟ್ರೋಲ್ ಮತ್ತು ಜೆಡ್ ಒತ್ತಿದರೆ ಪ್ರಶ್ನೆ ಮರಳುತ್ತದೆ.