ತಿನಿಸಿನ ಮೇಲಣ ಮಿರುಗು

ಕಾಗೆಬಂಗಾರವನ್ನು ಅರಿಯದ ಮಕ್ಕಳು ನಮ್ಮ ಬಯಲುಸೀಮೆಯಲ್ಲಿ ವಿರಳ. ಹೊಲದ ಬದುವಿನಲ್ಲಿಯೂ ಹಳ್ಳದ ಮರಳಿನಲ್ಲಿಯೂ ಬಿಸಿಲಿಗೆ ಮಿನುಗುವ ಆ ಕಲ್ಲನ್ನು ಆಯ್ದು, ಉಗುರಿನಿಂದ ಪದರ ಬಿಡಿಸಿ, ಬಂಗಾರವೇ ದೊರೆಯಿತೆಂದು ಹಿಗ್ಗುವುದು ಬಾಲ್ಯದ ಆಟಗಳಲ್ಲೊಂದು. ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ ಅಭ್ರಕವೆಂದು ಹೆಸರು. ಈ ಅಭ್ರಕವೇ ಈಗ ಹಿಟ್ಟಿಗಿಂತಲೂ ನುಣುಪಾದ ಪುಡಿಯಾಗಿ, ಹೆಬ್ಬೆರಳಿನ ಗಾತ್ರದ ಭರಣಿಗಳಲ್ಲಿ ತುಂಬಿ, ತುಮಕೂರಿನ ಬೇಕರಿಯ ಕೇಕುಗಳ ಮೇಲೆಯೂ, ಗುಬ್ಬಿ ಕುಣಿಗಲುಗಳ ಮನೆಗಳಲ್ಲಿ ಮಕ್ಕಳ ಹುಟ್ಟುಹಬ್ಬದ ಷರಬತ್ತಿನಲ್ಲಿಯೂ ಕಾಣಿಸಿಕೊಳ್ಳತೊಡಗಿದೆ. ಗೃಹಿಣಿಯರು ಇದರ ವಿಷಯವಾಗಿ ಕೆಲವು ಸಂಗತಿಗಳನ್ನು ತಿಳಿದಿರುವುದು ಅವಶ್ಯವೆಂದು ನಮಗೆ ತೋರುತ್ತದೆ.

ಪುಡಿಯ ಮರ್ಮವೇನೋ ಸೊಗಸಾಗಿಯೇ ಇದೆ. ಅಭ್ರಕದ ಅತಿ ಸೂಕ್ಷ್ಮವಾದ ಚಕ್ಕೆಗಳಿಗೆ ಟೈಟೇನಿಯಮ್ ಡೈಆಕ್ಸೈಡ್ ಎಂಬ ಬಿಳಿಯ ವಸ್ತುವಿನದೋ, ಕಬ್ಬಿಣದ ತುಕ್ಕಿನ ಜಾತಿಯದೋ ತೆಳುಲೇಪವನ್ನು ಕೊಟ್ಟಿರುತ್ತಾರೆ. ಲೇಪವು ಎಷ್ಟು ದಪ್ಪವೆಂಬುದನ್ನು ಅನುಸರಿಸಿ ಬೆಳಕು ಬೇರೆ ಬೇರೆ ಬಣ್ಣವಾಗಿ ಹಿಂತಿರುಗುವುದು. ಸಾಬೂನಿನ ಗುಳ್ಳೆಯ ಮೇಲೆ ಬಣ್ಣಗಳು ಓಡಾಡುವುದಕ್ಕೂ ಇದಕ್ಕೂ ಕಾರಣವೊಂದೇ. ಆದುದರಿಂದಲೇ ತಿಳಿಯಾದ ನಿಂಬೆಯ ಷರಬತ್ತಿಗೋ ದ್ರಾಕ್ಷಿಯ ರಸಕ್ಕೋ ಚಿಟಿಕೆಯಷ್ಟು ಹಾಕಿ ಚಮಚವನ್ನು ತಿರುವಿದರೆ ಲೋಟದೊಳಗೆ ಬೆಳ್ಳಿಯ ಮೋಡಗಳು ಸುಳಿದಾಡುವಂತೆ ಕಾಣುವುದು. ಬಾದಾಮಿಯ ಹಾಲಿಗೆ ಹಾಕಿದರೆ ವ್ಯರ್ಥ. ಬೆಳಕು ಹಾಯದ ಪಾನೀಯದಲ್ಲಿ ಮಿರುಗು ಅಡಗಿಹೋಗುವುದು. ಇದು ನೀರಿನಲ್ಲಿ ಕರಗುವ ಪದಾರ್ಥವಲ್ಲ, ರುಚಿಯಿಲ್ಲ, ಪುಷ್ಟಿಯಂತೂ ಇಲ್ಲವೇ ಇಲ್ಲ. ಟೈಟೇನಿಯಮ್ ಲೇಪದ ವಿಷಯದಲ್ಲಿ ವಿದ್ವಾಂಸರಿಗೆ ಸಂಶಯವುಂಟಾಗಿ ಯುರೋಪಿನ ಒಕ್ಕೂಟವು 2022ರಲ್ಲಿ ಅದನ್ನು ಆಹಾರದಿಂದ ನಿಷೇಧಿಸಿತು.

ತಿನಿಸಿಗೆ ಹೊಳಪು ಕೊಡುವುದು ನಮಗೆ ಹೊಸತಲ್ಲ. ಗುಬ್ಬಿಯ ಕಡೆಯ ತೋಟಗಳ ಅಡಕೆಯು ಬೀಡದೊಳಗೆ ಸೇರಿ, ಮೇಲೆ ಬೆಳ್ಳಿಯ ರೇಕನ್ನು ಹೊದ್ದು ಮದುವೆಯ ತಟ್ಟೆಗೆ ಬರುವುದನ್ನು ಯಾರು ತಾನೇ ಕಂಡಿಲ್ಲ? ಬರ್ಫಿಯ ಮೇಲಣ ರೇಕೂ ಅದೇ. ಈ ರೇಕಿನಲ್ಲಿ ನೂರಕ್ಕೆ 99.9 ಪಾಲು ಬೆಳ್ಳಿಯಿರಬೇಕೆಂಬುದು ನಮ್ಮ ದೇಶದ ನಿಯಮ. ಹಿಂದೆ ಇದನ್ನು ಪ್ರಾಣಿಗಳ ಕರುಳಿನ ಅಥವಾ ಚರ್ಮದ ಹಾಳೆಗಳ ನಡುವೆ ಇರಿಸಿ ಬಡಿದು ತೆಳ್ಳಗೆ ಮಾಡುತ್ತಿದ್ದುದು ಸಸ್ಯಾಹಾರಿಗಳ ಆಕ್ಷೇಪಕ್ಕೆ ಗುರಿಯಾಗಿ, 2016ರಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಪ್ರಾಣಿಮೂಲದ ಯಾವ ವಸ್ತುವನ್ನೂ ಇದರ ತಯಾರಿಕೆಯಲ್ಲಿ ಬಳಸಕೂಡದೆಂದು ಪ್ರಕಟಣೆ ಹೊರಡಿಸಿತು. ಬೆಳ್ಳಿಗೆ ಬದಲಾಗಿ ಅಲ್ಯೂಮಿನಿಯಮ್ ರೇಕನ್ನು ಮಾರುವ ಮೋಸವೂ ಉಂಟು. ಎರಡು ಬೆರಳುಗಳ ನಡುವೆ ಉಜ್ಜಿ ನೋಡಿ: ಬೆಳ್ಳಿಯಾದರೆ ನುರಿದು ಪುಡಿಯಾಗುವುದು, ಅಲ್ಯೂಮಿನಿಯಮ್ ಚೂರಾಗಿಯೋ ಉಂಡೆಗಟ್ಟಿಯೋ ಕೈಯಲ್ಲಿ ಉಳಿಯುವುದು.

ಹೊಳೆಯುವುದೆಲ್ಲವೂ ತಿನ್ನತಕ್ಕದ್ದಲ್ಲ ಎಂಬ ವಿವೇಕವೂ ನಮ್ಮವರಿಗೆ ಇದ್ದೇ ಇತ್ತು. 1884ರಲ್ಲಿ ನಾಟಕಮಂಡಳಿಯೊಂದನ್ನು ಕಟ್ಟಿ, ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಹೆಸರಾದ ಗುಬ್ಬಿಯ ನೆರೆಹೊರೆಯವರಿಗೆ ವೇಷದ ಬೆಡಗನ್ನು ನಾವು ವಿವರಿಸಬೇಕಾದುದಿಲ್ಲ. ರಾಜನ ಕಿರೀಟದಲ್ಲಿ ಥಳಥಳಿಸುವುದು ಬೇಗಡೆ. ಮೂಡಲಪಾಯದ ವೇಷಧಾರಿ ಮೋರೆಗೆ ಬಳಿದುಕೊಳ್ಳುತ್ತಿದ್ದ ಹಳದಿಯ ಅರದಾಳ ಪಾಷಾಣದ ಜಾತಿಯದು. ಅದು ದೀಪದ ಬೆಳಕಿಗೆ ನೋಡುವವರ ಕಣ್ಣಿಗಾಗಿ ಇದ್ದ ಬಣ್ಣ. ಮದುವೆಯ ಕೊಬ್ಬರಿ ಬಟ್ಟಲುಗಳಿಗೆ ಜರಿಯನ್ನೂ ಬೇಗಡೆಯನ್ನೂ ಅಂಟಿಸಿ ಚಂದಗಾಣಿಸಿದರೂ, ತಿನ್ನುವಾಗ ಅದನ್ನು ಕಿತ್ತುಹಾಕಿಯೇ ಕೊಬ್ಬರಿಯನ್ನು ಮುರಿಯುವುದು ವಾಡಿಕೆ. ಪುಡಿಯಲ್ಲಿ ಕಿತ್ತುಹಾಕುವುದಕ್ಕೆ ಏನೂ ಇಲ್ಲ. ನೋಡುವ ಹೊಳಪೂ ತಿನ್ನುವ ಹೊಳಪೂ ಅಂಗಡಿಯ ಒಂದೇ ಹಲಗೆಯ ಮೇಲೆ, ಒಂದೇ ಬಗೆಯ ಭರಣಿಯಲ್ಲಿ ನಿಂತಿರುತ್ತವೆ. ತೊಡಕು ಇರುವುದು ಇಲ್ಲಿಯೇ.

ಇದರ ಪರಿಣಾಮವೇನಾಗಬಹುದೆಂಬುದಕ್ಕೆ ಅಮೆರಿಕದ ಎರಡು ಪ್ರಸಂಗಗಳು ಸಾಕು. ಅಲ್ಲಿಯ ರೋಗನಿಯಂತ್ರಣ ಕೇಂದ್ರವು ಇವನ್ನು 2021ರಲ್ಲಿ ಪ್ರಕಟಿಸಿತು. 2018ರಲ್ಲಿ ರೋಡ್ ಐಲೆಂಡ್ ಸಂಸ್ಥಾನದಲ್ಲಿ ಹುಟ್ಟುಹಬ್ಬದ ಕೇಕನ್ನು ತಿಂದ ಆರು ಮಂದಿ ಮಕ್ಕಳಿಗೆ ವಾಂತಿಭೇದಿಗಳಾದವು. ಕೇಕಿಗೆ ಬಳಿದಿದ್ದ ಹೊನ್ನಿನ ಬಣ್ಣದ ಪುಡಿಯನ್ನು ಪರೀಕ್ಷಿಸಲಾಗಿ ಅದು ತಾಮ್ರದ ನುಣ್ಣನೆಯ ಪುಡಿ. ನೆಲಹಾಸುಗಳಿಗೆ ಲೋಹದ ಹೊಳಪು ಕೊಡುವುದಕ್ಕೂ ಅದನ್ನೇ ಬಳಸುತ್ತಿದ್ದರಂತೆ! 2019ರ ಪ್ರಸಂಗ ಮಿಸೌರಿಯದು. ಒಂದು ವರುಷದ ಕೂಸಿನ ರಕ್ತದಲ್ಲಿ ಸೀಸವು ಹೆಚ್ಚಾಗಿರುವುದು ಕಂಡುಬಂದು ಹುಡುಕುತ್ತ ಹೋದರೆ, ಹುಟ್ಟುಹಬ್ಬದ ಕೇಕಿನ ಹೂವುಗಳಿಗೆ ಹಚ್ಚಿದ್ದ ಹಳದಿ ಪುಡಿ ಸಿಕ್ಕಿತು. ಅದರ ತೂಕದಲ್ಲಿ ಕಾಲುಪಾಲು ಸೀಸವೇ ಆಗಿತ್ತು. ತಾಮ್ರವಾದರೋ ವಾಂತಿಯಾಗಿ ತನ್ನನ್ನು ತಾನೇ ತೋರಿಸಿಕೊಂಡಿತು. ಸೀಸವು ಸದ್ದಿಲ್ಲದೆ ಮೈಯಲ್ಲಿ ನಿಂತು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕೆಡಿಸತಕ್ಕ ವಿಷ.

ಅಮೆರಿಕದ ಮಾತು ನಮಗೇಕೆ ಎನ್ನುವಂತೆಯೂ ಇಲ್ಲ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯವರು ಪರೀಕ್ಷಿಸಿದ 235 ಕೇಕಿನ ಮಾದರಿಗಳಲ್ಲಿ 12 ಮಾದರಿಗಳು ಕೃತಕ ಬಣ್ಣಗಳ ದೆಸೆಯಿಂದ ಅಪಾಯಕರವೆಂದು ತಿಳಿದುಬಂದಿತು. ಅದೇ ವರುಷ ಮಾರ್ಚಿಯಲ್ಲಿ ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣವನ್ನು ಸೇರಿಸುವುದನ್ನು ಸರ್ಕಾರವು ನಿಷೇಧಿಸಿದ್ದನ್ನು ವಾಚಕರು ಬಲ್ಲರು.

ಹೀಗಿರಲು ಭರಣಿಯನ್ನು ಕೊಳ್ಳುವಾಗ ಅದರ ಮೇಲಣ ಬರಹವನ್ನು ಓದದೆ ತರಬಾರದು. ‘ನಾನ್ ಟಾಕ್ಸಿಕ್’ ಎಂದಿದ್ದರೆ ವಿಷವಲ್ಲವೆಂದು ಅರ್ಥವಾಯಿತಷ್ಟೆ. ತಿನ್ನುವ ಪದಾರ್ಥವೆಂದು ಅರ್ಥವಾಗಲಿಲ್ಲ. ಮಕ್ಕಳು ಬರೆಯುವ ಸೀಮೆಸುಣ್ಣದ ಮೇಲೆಯೂ ಆ ಮಾತು ಇರಬಹುದು. ‘ಅಲಂಕಾರಕ್ಕೆ ಮಾತ್ರ’ ಎಂದಿದ್ದರೆ ಅದು ಕೇಕಿನ ಕೆಳಗಿಡುವ ಹಲಗೆಗೆ ಸರಿ, ಕೇಕಿಗಲ್ಲ. ತಿನ್ನತಕ್ಕ ಪುಡಿಯ ಮೇಲೆ ‘ಎಡಿಬಲ್’ ಎಂಬ ಮಾತೂ, ಯಾವ ಯಾವ ದ್ರವ್ಯಗಳಿಂದ ಮಾಡಿದುದೆಂಬ ಪಟ್ಟಿಯೂ, ಆಹಾರ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯೂ ಇರಲೇಬೇಕು. ಪಟ್ಟಿಯಿಲ್ಲದ ಭರಣಿಯನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ. ಕೆಲವರು ನೀರಿಗೆ ಹಾಕಿ ಪರೀಕ್ಷಿಸುತ್ತಾರೆ. ಸಕ್ಕರೆ ಗೋಂದುಗಳಿಂದ ಮಾಡಿದ ಚಮಕಿ ಕರಗುವುದು, ಪ್ಲಾಸ್ಟಿಕ್ಕಿನದು ಕರಗದು, ಇಷ್ಟು ನಿಜ. ಆದರೆ ಒಳ್ಳೆಯ ಅಭ್ರಕವೂ ಕರಗದು, ತಾಮ್ರವೂ ಕರಗದು. ಪುಡಿಯ ವಿಷಯದಲ್ಲಿ ಮನೆಯ ಪರೀಕ್ಷೆಗಿಂತ ಬರಹವನ್ನೇ ನೆಚ್ಚಬೇಕು. ಕೇಕನ್ನು ಬೇಕರಿಯಿಂದ ತರಿಸುವವರು ಭರಣಿಯನ್ನು ತೋರಿಸಿರೆಂದು ಕೇಳಲು ಸಂಕೋಚಪಡಬೇಕಾದುದಿಲ್ಲ. ಒಳ್ಳೆಯ ಅಂಗಡಿಯವನು ತೋರಿಸುತ್ತಾನೆ. ಮನೆಯಲ್ಲಿ ಬಳಸುವಾಗಲೂ ಒಣಪುಡಿಯನ್ನು ಮಕ್ಕಳ ಕೈಗೆ ಕೊಟ್ಟು ಊದಿಸಬಾರದು. ಆ ದೂಳು ಶ್ವಾಸಕೋಶಕ್ಕೆ ಹಿತವಲ್ಲ.

ನಮ್ಮನ್ನು ಕೇಳಿದರೆ, ಹಬ್ಬದ ಹೊಳಪಿಗೆ ಭರಣಿಯ ಹಂಗೇ ಬೇಡ. ಯಡಿಯೂರಿನ ಜಾತ್ರೆಯಲ್ಲಿ ಬತ್ತಾಸಿನ ರಾಶಿಯೆದುರು ಬಾಯ್ತೆರೆದು ನಿಲ್ಲುವ ಮಗು ಅಭ್ರಕವನ್ನು ಬೇಡುವುದಿಲ್ಲ. ಕಲ್ಲುಸಕ್ಕರೆಯನ್ನು ಬಟ್ಟೆಯಲ್ಲಿ ಕಟ್ಟಿ ಮೆಲ್ಲಗೆ ಜಜ್ಜಿ, ದಪ್ಪ ರವೆಯನ್ನು ಮಾತ್ರ ಜರಡಿಯಾಡಿ ಕೊಬ್ಬರಿ ಮಿಠಾಯಿಯ ಮೇಲೆ ಉದುರಿಸಿದರೆ ದೀಪದ ಬೆಳಕಿಗೆ ವಜ್ರದ ಹುಡಿಯಂತೆ ಕಾಣುವುದು. ಇನ್ನೂ ತೆಳುವಾದ ಚಮಕಿ ಬೇಕೆನ್ನುವವರು ತಿನ್ನುವ ಗೋಂದಿನ ಪುಡಿ ಒಂದು ಚಮಚಕ್ಕೆ ಎರಡು ಚಮಚ ಬಿಸಿನೀರು ಹಾಕಿ, ಚೆನ್ನಾಗಿ ಕರಗಿಸಿ, ಬಟ್ಟೆಯಲ್ಲಿ ಸೋಸಿಕೊಳ್ಳತಕ್ಕದ್ದು. ಬಣ್ಣಕ್ಕೆ ಚಿಟಿಕೆ ಅರಿಸಿನವೋ ಎರಡು ಹನಿ ಬೀಟ್‌ರೂಟಿನ ರಸವೋ ಸಾಕು. ತುಪ್ಪದ ಪಸೆ ಮಾತ್ರ ತೋರಿಸಿದ ನುಣುಪಾದ ತಟ್ಟೆಯ ಮೇಲೆ ಇದನ್ನು ಆದಷ್ಟು ತೆಳ್ಳಗೆ ಸವರಿ, ತೆಳುಬಟ್ಟೆ ಮುಚ್ಚಿ ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ ಕೆರೆದರೆ ಗಾಜಿನಂತಹ ಚಕ್ಕೆಗಳು ಏಳುತ್ತವೆ. ಇವು ಒದ್ದೆ ತಗಲಿದರೆ ಕರಗಿಹೋಗುವುದರಿಂದ ಷರಬತ್ತಿಗೆ ಬಾರವು. ಆರಿದ ಬರ್ಫಿಗೂ ಕೇಕಿಗೂ ಬಡಿಸುವ ಹೊತ್ತಿಗೆ ಸರಿಯಾಗಿ ಉದುರಿಸಬೇಕು. ಮಳೆಗಾಲದಲ್ಲಿ ಬೇಗನೆ ಅಂಟುಕಟ್ಟುವುದರಿಂದ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು ಎಂಟು ದಿನಗಳೊಳಗೆ ಮುಗಿಸುವುದು ಲೇಸು.